ಬೀದಿನಾಯಿಗೆ ತಾತ್ಕಾಲಿಕ ಮನೆ

ಬೀದಿಯಲ್ಲಿ ರೋಗದಿಂದ ನರಳುತ್ತಿರುವ ನಾಯಿಯನ್ನು ಎತ್ತಿತಂದು, ಚಿಕಿತ್ಸೆ ಮಾಡಿಸಿ, ಸಾಕಲು ಮನಸ್ಸುಳ್ಳವರಿಗೆ ಒಪ್ಪಿಸುವವರು ಇಂದು ನಮ್ಮ ಊರುಗಳಲ್ಲಿ ಹಲವರಿದ್ದಾರೆ. ತಂದ ದಿನಕ್ಕೂ ಒಪ್ಪಿಸುವ ದಿನಕ್ಕೂ ನಡುವೆ ಅದು ಯಾರದಾದರೂ ಮನೆಯಲ್ಲಿ ಅತಿಥಿಯಾಗಿರಬೇಕಾಗುತ್ತದೆ. ಚಿಕಿತ್ಸೆಯ ಮೂರನೆಯ ದಿನವೇ ಅದು ಬಾಲವಾಡಿಸುತ್ತ ಓಡಾಡತೊಡಗಿದರೆ, ‘ಇನ್ನೇಕೆ ತಡ? ಕೊಟ್ಟುಬಿಡೋಣ’ ಎನ್ನಿಸುವುದು ಸಹಜ. ಆದರೂ ಕೆಲವು ವಾರ ಕಾಯಬೇಕೆಂದು ಪಶುವೈದ್ಯರು ಹೇಳುತ್ತಾರೆ. ಏಕೆ? ಇದಕ್ಕೆ ಉತ್ತರ ರೋಗಾಣುಗಳ ಮತ್ತು ಕ್ರಿಮಿಗಳ ಜೀವನಕ್ರಮದಲ್ಲಿದೆ. ನಮಗಿರುವಂತೆ ಅವಕ್ಕೂ ಒಂದೊಂದು ಪಂಚಾಂಗವುಂಟು.

ಮೊದಲನೆಯದು ಹಸಿವಿನ ಪ್ರಶ್ನೆ. ಬಹುದಿನ ಉಪವಾಸವಿದ್ದ ನಾಯಿಗೆ ಹೊಟ್ಟೆ ತುಂಬ ಉಣಿಸುವುದೇ ಕರುಣೆಯೆಂದು ತೋರಬಹುದು. ಅದೇ ಅದಕ್ಕೆ ಮೃತ್ಯುವಾಗಲೂಬಹುದು. ಉಪವಾಸದಲ್ಲಿ ದೇಹ ತನ್ನ ಕೊಬ್ಬನ್ನೂ ಸ್ನಾಯುಗಳನ್ನೂ ಕರಗಿಸಿಕೊಂಡು ಬದುಕುತ್ತದೆ. ಒಮ್ಮೆಲೇ ಅನ್ನ ಬಿದ್ದಾಗ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಲವಣಗಳು ಜೀವಕೋಶಗಳೊಳಕ್ಕೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಕೊರತೆಯಾದರೆ ಹೃದಯದ ಬಡಿತವೇ ತಪ್ಪಬಲ್ಲುದು. ಆದುದರಿಂದ ಉಣಿಸುವುದಕ್ಕೆ ಲೆಕ್ಕವಿರಬೇಕು. ನಾಯಿಯ ತೂಕವನ್ನು ಕಿಲೋಗ್ರಾಂಗಳಲ್ಲಿ ಬರೆದು, ಆ ಸಂಖ್ಯೆಯ ವರ್ಗಮೂಲದ ವರ್ಗಮೂಲವನ್ನು ಕಂಡು, ಅದರ ಘನವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲೊರಿ ಸಿಕ್ಕುತ್ತದೆ. 16 ಕಿಲೋಗ್ರಾಂ ನಾಯಿಗೆ ಇದು 560. ಮೊದಲ ದಿನ ಇದರ ಕಾಲು ಭಾಗವನ್ನು, ಎಂದರೆ 140ನ್ನು, ನಾಲ್ಕಾರು ತುತ್ತುಗಳಾಗಿ ಹಂಚಿ ಕೊಟ್ಟು, ಮುಂದಿನ ದಿನಗಳಲ್ಲಿ ವೈದ್ಯರ ಸಲಹೆಯಂತೆ ಹೆಚ್ಚಿಸುತ್ತ ಹೋಗಬೇಕು.

ಎರಡನೆಯದು ಉಣ್ಣಿಜ್ವರ. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಗಳಲ್ಲೊಂದು ಎರ್ಲೀಕಿಯ ಕೇನಿಸ್. ಇದನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯದಲ್ಲಿ. ಕಂದುಬಣ್ಣದ ನಾಯಿ ಉಣ್ಣಿ ಕಚ್ಚಿದಾಗ ಇದು ದೇಹವನ್ನು ಸೇರಿ, ಬಿಳಿಯ ರಕ್ತಕಣಗಳೊಳಗೇ ಅಡಗಿ ಕೂರುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳು ಕಡಿಮೆಯಾಗುತ್ತವೆ. ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಸೋರುವುದೂ ಉಂಟು. ಡಾಕ್ಸಿಸೈಕ್ಲಿನ್ ಕೊಟ್ಟ ಒಂದೆರಡು ದಿನಗಳಲ್ಲಿಯೇ ಸಾಮಾನ್ಯವಾಗಿ ಜ್ವರ ಇಳಿದು ನಾಯಿ ಚೇತರಿಸಿಕೊಳ್ಳುತ್ತದೆ. ಆದರೆ ಔಷಧವನ್ನು 28 ದಿನ ಕೊಡಬೇಕು. ನಡುವೆ ನಿಲ್ಲಿಸಿದರೆ ಕಣಗಳೊಳಗೆ ಉಳಿದ ಶತ್ರು ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದ್ದು, ಮುಂದೊಂದು ದಿನ ಮೂಳೆಯ ನೆಣವನ್ನೇ ಹಾಳುಮಾಡಬಲ್ಲುದು. ಅಷ್ಟು ಹೊತ್ತಿಗೆ ನಾಯಿ ಹೊಸ ಮನೆಯಲ್ಲಿರುತ್ತದೆ. ಹಳೆಯ ಜ್ವರದ ಸಂಗತಿ ಅಲ್ಲಿ ಯಾರಿಗೂ ತಿಳಿದಿರುವುದಿಲ್ಲ. ರಕ್ತಹೀನವಾದ ನಾಯಿಗೆ ಮನೆಯ ಹುಳಿಯನ್ನವನ್ನು ಹಾಕುವವರು ಇನ್ನೊಂದನ್ನು ನೆನಪಿಡಬೇಕು: ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಮೂರನೆಯದು ಕಜ್ಜಿ. ಕೂದಲುದುರಿದ ನಾಯಿಗಳೆಲ್ಲಕ್ಕೂ ಇರುವುದು ಒಂದೇ ಕಜ್ಜಿಯಲ್ಲ. ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮವನ್ನು ಕೊರೆದು ಮೊಟ್ಟೆಯಿಡುತ್ತದೆ. ಮೊಟ್ಟೆ ಬೆಳೆದು ನುಸಿಯಾಗಲು ಸುಮಾರು 3 ವಾರ ಹಿಡಿಯುತ್ತದೆ. ಇದು ಇತರ ನಾಯಿಗಳಿಗೆ ಹರಡುವುದಲ್ಲದೆ ಮನುಷ್ಯರಿಗೂ ತಾತ್ಕಾಲಿಕವಾಗಿ ತುರಿಕೆ ತರುತ್ತದೆ. ಡೆಮೊಡೆಕ್ಸ್ ಎಂಬ ನುಸಿಯಾದರೋ ರೋಮಕೂಪಗಳಲ್ಲಿ ವಾಸಿಸುವಂಥದು. ತಾಯಿಯಿಂದ ಹಾಲೂಡುವ ದಿನಗಳಲ್ಲಿ ಮರಿಗೆ ಬರುತ್ತದೆ, ಮನುಷ್ಯರಿಗೆ ಅಂಟದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡಿ ಇವೆರಡನ್ನೂ ಬೇರ್ಪಡಿಸುತ್ತಾರೆ. ಡೆಮೊಡೆಕ್ಸ್ ಬಾಧೆಯಲ್ಲಿ ಕೂದಲು ಬಂದ ಮಾತ್ರಕ್ಕೆ ಗುಣವಾಯಿತೆನ್ನುವಂತಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದಾಗಲೂ ನುಸಿ ಕಾಣದಿರಬೇಕು.

ಇನ್ನು ಹೊಟ್ಟೆಯ ಹುಳುಗಳು. ಜಂತುಹುಳುವಿನ ಔಷಧ ಕರುಳಿನಲ್ಲಿರುವ ಬೆಳೆದ ಹುಳುಗಳನ್ನು ಕೊಲ್ಲುತ್ತದೆ. ದೇಹದ ಇತರ ಭಾಗಗಳಲ್ಲಿ ಸಂಚರಿಸುವ ಮರಿಹುಳುಗಳು ಸಾಮಾನ್ಯವಾಗಿ ಉಳಿದುಕೊಂಡು ಆಮೇಲೆ ಕರುಳಿಗೆ ಬರುತ್ತವೆ. ಎರಡು ವಾರಗಳ ಬಳಿಕ ಔಷಧವನ್ನು ಮತ್ತೆ ಕೊಡುವುದು ಅದಕ್ಕಾಗಿಯೇ. ದುಂಡುಹುಳುವಿನ ಮೊಟ್ಟೆ ಹೊರಬಿದ್ದೊಡನೆ ಅಪಾಯಕಾರಿಯಲ್ಲ. ಮಣ್ಣಿನಲ್ಲಿ ಕೆಲವು ವಾರ ಬೆಳೆದ ಮೇಲೆಯೇ ಅದು ಸೋಂಕು ತರಬಲ್ಲುದು. ಮಣ್ಣಿನಲ್ಲಾಡುವ ಮಕ್ಕಳ ಬಾಯಿಗೆ ಅದು ಸೇರಿದರೆ ಕಣ್ಣಿಗೇ ಹಾನಿಯಾಗುವುದುಂಟು. ಮಲವನ್ನು ಆಯಾ ದಿನವೇ ತೆಗೆದುಹಾಕಿದರೆ ಈ ಸರಪಣಿ ಕಡಿಯುತ್ತದೆ.

1978ರಲ್ಲಿ ಗುರುತಿಸಲಾದ ಪಾರ್ವೊ ವೈರಸ್ ಸೋಂಕಿದ ಎರಡು ವಾರಗಳೊಳಗೆ ಸಾಮಾನ್ಯವಾಗಿ ವಾಂತಿಭೇದಿಯಾಗಿ ತೋರಿಕೊಳ್ಳುತ್ತದೆ. ಹೊಸ ನಾಯಿಯನ್ನು ಅಷ್ಟು ದಿನ ಮನೆಯ ಇತರ ನಾಯಿಗಳಿಂದ ದೂರವಿರಿಸುವುದು ಇದರಿಂದಲೇ. ರೇಬೀಸ್ ಮಾತ್ರ ಈ ಲೆಕ್ಕಕ್ಕೆ ಸಿಕ್ಕದು. ಅದು ತಿಂಗಳುಗಟ್ಟಲೆ ಅಡಗಿರಬಲ್ಲುದು. ನಾಯಿಗೆ ಲಸಿಕೆ ಹಾಕಿಸುವುದಲ್ಲದೆ, ಆರೈಕೆ ಮಾಡುವವರೂ ಮೊದಲೇ ಲಸಿಕೆ ಪಡೆದಿರುವುದು ಲೇಸು. ಆದರೂ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲವನ್ನೂ ಆಸ್ಪತ್ರೆಯ ಗೂಡಿನಲ್ಲಿಯೇ ಮಾಡಬಾರದೆ? ಮಾಡಬಹುದು, ಆದರೆ ಭಯವೂ ದೇಹವನ್ನು ಕುಗ್ಗಿಸುತ್ತದೆ. ಅಮೆರಿಕದ ಐದು ಪ್ರಾಣಿ ಆಶ್ರಯಗಳ 207 ನಾಯಿಗಳನ್ನು ಕುರಿತ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಒಂದೆರಡು ರಾತ್ರಿ ಮನೆಯಲ್ಲಿ ಕಳೆದಾಗ ಅವುಗಳ ಮೂತ್ರದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು; ಆಶ್ರಯಕ್ಕೆ ಮರಳಿದಾಗ ಮೊದಲಿನ ಮಟ್ಟಕ್ಕೇ ಏರಿತು.

ಹೀಗೆ ತಾತ್ಕಾಲಿಕ ಮನೆಯವರ ಮುಖ್ಯ ಉಪಕರಣ ಒಂದು ನೋಟುಪುಸ್ತಕ. ತೂಕ, ಆಹಾರ, ಔಷಧ ಕೊಟ್ಟ ದಿನ, ವಸಡಿನ ಬಣ್ಣ ಇವನ್ನು ದಿನವೂ ಬರೆಯಬೇಕು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಆರೋಗ್ಯವಂತ ನಾಯಿಯಲ್ಲಿ 2 ಸೆಕೆಂಡುಗಳೊಳಗೆ ಕೆಂಪು ಮರಳುತ್ತದೆ. ಒಪ್ಪಿಸುವ ದಿನ ನಾಯಿಯೊಡನೆ ಈ ಪುಸ್ತಕವೂ ಹೋಗಬೇಕು. ವಾಸಿಯಾದ ರೋಗವನ್ನೂ ಆಗದ ರೋಗವನ್ನೂ ಮರೆಮಾಚದೆ ತಿಳಿಸಿದ ಮೇಲೂ ಒಪ್ಪಿ ಕರೆದೊಯ್ಯುವವರ ಮನೆಯಲ್ಲಿ ಅದು ನೆಲೆ ನಿಲ್ಲುತ್ತದೆ. ಮುಚ್ಚಿಟ್ಟು ಕೊಟ್ಟ ನಾಯಿ ಮತ್ತೆ ಬೀದಿಗೆ ಬೀಳುವ ಭಯ ತಪ್ಪದು.