ಹೊಗೆಬಂಡಿಯ ಇಬ್ಬರು ಉಪಾಸಕರು

1978ನೆಯ ಇಸವಿ ಮೇ ತಿಂಗಳ 13ನೆಯ ತಾರೀಖು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಬೆಟ್ಟಗಳ ನಡುವೆ ಹಾದುಹೋಗುವ ರೈಲುದಾರಿಯ ಮೇಲೆ ಆ್ಯಪಲ್‌ಬಿ ಎಂಬ ಚಿಕ್ಕ ಸ್ಟೇಷನ್ನು. ಆ ದಿನ ಉಗಿ ಎಂಜಿನ್ನೊಂದು ವಿಶೇಷ ಗಾಡಿಯನ್ನು ಎಳೆದುಕೊಂಡು ಅಲ್ಲಿಗೆ ಬರುವುದಿತ್ತು. ಅದನ್ನು ಕಾಣಲು ಬಂದಿದ್ದವರಲ್ಲಿ ಎಪ್ಪತ್ತು ವರ್ಷದ ವೃದ್ಧರೊಬ್ಬರಿದ್ದರು. ಎಂಜಿನ್ನಿನ ಚಿತ್ರ ತೆಗೆಯಬೇಕೆಂಬುದು ಅವರ ಹಂಬಲ. ಆದರೆ ಆ ಸ್ಟೇಷನ್ನಿನಲ್ಲಿಯೇ ಅವರ ಹೃದಯ ನಿಂತಿತು. ಅವರು ಎರಿಕ್ ಟ್ರೇಸಿ. ಎರಡು ವರ್ಷಗಳ ಹಿಂದಿನವರೆಗೆ ವೇಕ್‌ಫೀಲ್ಡ್ ಪ್ರಾಂತದ ಬಿಷಪ್ಪರಾಗಿದ್ದವರು.

ಧರ್ಮಪೀಠದಲ್ಲಿ ಕುಳಿತಿದ್ದ ಹಿರಿಯರು ರೈಲು ಕಟ್ಟೆಯ ಮೇಲೆ ಕೊನೆಯುಸಿರೆಳೆದರೆಂದರೆ ನಮ್ಮವರಿಗೆ ಒಂದಿಷ್ಟು ವಿಚಿತ್ರವಾಗಿ ತೋರಬಹುದು. ನಿವೃತ್ತನಾದವನು ಜಪತಪಗಳಲ್ಲಿ, ಮೊಮ್ಮಕ್ಕಳ ಲಾಲನೆಯಲ್ಲಿ, ಹೆಚ್ಚೆಂದರೆ ಹೂವಿನ ಗಿಡಗಳ ಆರೈಕೆಯಲ್ಲಿ ಕಾಲ ಕಳೆಯಬೇಕೆಂದು ನಾವು ಬಗೆದಿದ್ದೇವೆ. ನರೆತ ತಲೆಯವನು ಗಾಡಿಯ ಹಿಂದೆ ಓಡಿದರೆ, ಆಟದ ರೈಲು ಜೋಡಿಸುತ್ತ ಕುಳಿತರೆ, ‘ಮರುಳೋ ಮರುಳು’ ಎಂದು ನಕ್ಕುಬಿಡುತ್ತೇವೆ. ಆದರೆ ಈ ಮರುಳಿನಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಟ್ರೇಸಿಯವರನ್ನೂ, ಅವರಂತೆಯೇ ಪಾದ್ರಿಯಾಗಿದ್ದ ವಿಲ್ಬರ್ಟ್ ಆಡ್ರಿಯವರನ್ನೂ ಒಟ್ಟಿಗೆ ನೋಡಬೇಕು. ಒಬ್ಬರು ರೈಲನ್ನು ಚಿತ್ರದಲ್ಲಿ ಹಿಡಿದರು. ಮತ್ತೊಬ್ಬರು ಅದನ್ನು ಮೇಜಿನ ಮೇಲೆ ಕಟ್ಟಿದರು.

ಟ್ರೇಸಿ ಹುಟ್ಟಿದ್ದು 1907ರಲ್ಲಿ, ಲಂಡನ್ನಿನಲ್ಲಿ. ರೈಲಿನ ಗೀಳು ಅವರಿಗೆ ಹತ್ತಿದ್ದು ಲಿವರ್‌ಪೂಲಿನಲ್ಲಿ ಧರ್ಮಸೇವೆಗೆ ನಿಂತ ಮೇಲೆ. 1936ರಲ್ಲಿ ಅವರು ಆ ನಗರದ ಎಡ್ಜ್ ಹಿಲ್ ಎಂಬ ಬಡಾವಣೆಯ ಪಾದ್ರಿಯಾದರು. 1830ರಲ್ಲಿ ತೆರೆದ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುದಾರಿಗೆ ಸೇರಿದ ಹಳೆಯ ಠಾವು ಅದು. ಅಲ್ಲಿ ದೊಡ್ಡದೊಂದು ಎಂಜಿನ್ ಷೆಡ್ಡು ಇದ್ದಿತು. ಡ್ರೈವರುಗಳು, ಬೆಂಕಿಯಾಳುಗಳು, ಪೋರ್ಟರುಗಳು ಅವರ ಭಕ್ತವೃಂದಕ್ಕೆ ಸೇರಿದವರು. ದುಡಿದು ದಣಿದವನು ಭಾನುವಾರ ಚರ್ಚಿಗೆ ಬಾರದಿದ್ದರೆ ಪಾದ್ರಿಯೇ ಅವನಿದ್ದಲ್ಲಿಗೆ ಹೋಗಬೇಕಷ್ಟೆ. ಟ್ರೇಸಿ ಷೆಡ್ಡಿಗೆ ಹೋದರು. ಎಂಜಿನ್ನಿನ ಮೇಲೆ ಹತ್ತಿ, ಮಸಿ ಹಿಡಿದ ಕೈಗಳನ್ನು ಕುಲುಕಿ, ಅವರ ಮನೆಯ ಸುಖದುಃಖಗಳನ್ನು ಕೇಳಿ ತಿಳಿದರು. ಹವ್ಯಾಸವು ಕರ್ತವ್ಯಕ್ಕೆ ಅಡ್ಡಿಯಾಗಲಿಲ್ಲ. ಅದರ ಬಾಗಿಲೇ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿ ದುಡಿದು ಹಿಂದಿರುಗಿದ ಮೇಲೆ ಪದವಿಗಳು ಏರಿದವು. 1961ರಲ್ಲಿ ಪಾಂಟಿಫ್ರಾಕ್ಟಿನ, 1968ರಲ್ಲಿ ವೇಕ್‌ಫೀಲ್ಡಿನ ಬಿಷಪ್ಪರಾದರು. ಆದರೂ ಎಂಜಿನ್ನಿನವರ ಗೆಳೆತನವನ್ನು ಬಿಡಲಿಲ್ಲ.

ಓಡುವ ರೈಲಿನ ಚಿತ್ರ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಗಂಟೆಗೆ 60 ಮೈಲಿಯ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ 88 ಅಡಿ ಮುಂದೆ ಸಾಗುತ್ತದೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಐನೂರನೆಯ ಒಂದು ಪಾಲು ಮಾತ್ರ ತೆರೆದಿದ್ದರೂ ಅಷ್ಟರಲ್ಲಿಯೇ ಎಂಜಿನ್ನು ಎರಡು ಅಂಗುಲದಷ್ಟು ಸರಿದಿರುತ್ತದೆ. ಪಕ್ಕದಿಂದ ತೆಗೆದರೆ ಚಿತ್ರ ಕದಡುತ್ತದೆ; ಎದುರಿನಿಂದ ಓರೆಯಾಗಿ ತೆಗೆದರೆ ಈ ಚಲನೆ ಕಡಿಮೆಯೆನಿಸುತ್ತದೆ. ಆದುದರಿಂದಲೇ ಹಳೆಯ ಕಾಲದ ರೈಲು ಚಿತ್ರಗಳಲ್ಲಿ ಎಂಜಿನ್ನು ಮುಕ್ಕಾಲು ಮುಖ ತೋರಿಸುತ್ತ ನಮ್ಮತ್ತ ಬರುತ್ತಿರುತ್ತದೆ. ಇನ್ನು ಸ್ಥಳದ ಆಯ್ಕೆ. ಬಯಲಿನಲ್ಲಿ ಸರಾಗವಾಗಿ ಉರುಳುವ ಎಂಜಿನ್ನು ಹೊಗೆಯನ್ನು ಹೆಚ್ಚಾಗಿ ಉಗುಳುವುದಿಲ್ಲ. ಏರಿನಲ್ಲಿ ಮಾತ್ರ ಅದರ ಪೌರುಷವೆಲ್ಲ ಹೊರಬೀಳುತ್ತದೆ. ವೇಗ ತಗ್ಗುತ್ತದೆ, ಉಗಿ ಚಿಮ್ಮುತ್ತದೆ. ಷ್ಯಾಪ್ ಎಂಬ ಬೆಟ್ಟದ ಏರಿನಲ್ಲಿ 75 ಅಡಿಗೆ ಒಂದಡಿಯಂತೆ ನಾಲ್ಕು ಮೈಲಿ ಹತ್ತಬೇಕು. ಇಂಥ ಏರುಗಳೇ ಚಿತ್ರಕಾರರ ತೀರ್ಥಕ್ಷೇತ್ರಗಳಾದವು. ಚಳಿಗಾಲದ ಬೆಳಗಾದರೆ ಇನ್ನೂ ಮೇಲು. ತಣ್ಣನೆಯ ಗಾಳಿಯಲ್ಲಿ ಉಗಿ ಬೇಗನೆ ಹೆಪ್ಪುಗಟ್ಟಿ ಬಿಳಿಯ ಮೋಡದಂತೆ ಗಾಡಿಯ ಮೇಲೆ ತೂಗುತ್ತದೆ. ಗಂಟೆಗಟ್ಟಲೆ ಕಾದು ನಿಂತವನಿಗೆ ಸಿಕ್ಕುವುದು ಒಂದೇ ಕ್ಷಣ. ಅಷ್ಟರಲ್ಲಿ ಮೋಡವೊಂದು ಸೂರ್ಯನಿಗೆ ಅಡ್ಡ ಬಂದರೆ ಆ ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಟ್ರೇಸಿಯವರು ಹೀಗೆ ಕಾದು ತೆಗೆದ ಚಿತ್ರಗಳಲ್ಲಿ ಸುಮಾರು 12,000 ಇಂದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದಲ್ಲಿವೆ. ತೆಗೆಯುವಾಗ ಅವು ನಿತ್ಯಜೀವನದ ಚಿತ್ರಗಳಾಗಿದ್ದವು. ಆದರೆ ಕಾಲ ಬದಲಾಯಿತು. 1960ರ ಮಾರ್ಚಿನಲ್ಲಿ ಸ್ವಿಂಡನ್ ಕಾರ್ಖಾನೆಯಿಂದ 92220ನೆಯ ಸಂಖ್ಯೆಯ ಎಂಜಿನ್ನು ಹೊರಬಂದಿತು. ಬ್ರಿಟಿಷ್ ರೈಲ್ವೆಗಾಗಿ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ನು ಅದೇ. ಅದಕ್ಕೆ ‘ಈವನಿಂಗ್ ಸ್ಟಾರ್’ ಎಂದು, ಅಂದರೆ ಸಂಜೆಯ ನಕ್ಷತ್ರವೆಂದು, ಹೆಸರಿಟ್ಟರು. 1968ರ ಆಗಸ್ಟ್ 11ರಂದು ಕೊನೆಯ ವಿಶೇಷ ಗಾಡಿ ಓಡಿದುದರೊಂದಿಗೆ ಅಲ್ಲಿನ ಮುಖ್ಯ ದಾರಿಗಳಲ್ಲಿ ಉಗಿಯ ಯುಗ ಮುಗಿಯಿತು. ಅಂದಿನಿಂದ ಆ ಚಿತ್ರಗಳು ಸಾಕ್ಷ್ಯಗಳಾದವು. ಟ್ರೇಸಿ 1976ರಲ್ಲಿ ನಿವೃತ್ತರಾಗಿ ಕೆಸಿಕ್ ಊರಿನ ಬಳಿ ನೆಲೆಸಿದರು. ಆ ಊರಿನ ರೈಲುದಾರಿಯನ್ನು 1972ರಲ್ಲಿಯೇ ಮುಚ್ಚಿದ್ದರು. ರೈಲನ್ನು ಇಷ್ಟು ಪ್ರೀತಿಸಿದವರು ಗಾಡಿಯ ಸದ್ದಿಲ್ಲದ ಊರಿನಲ್ಲಿ ಮುಪ್ಪನ್ನು ಕಳೆಯಬೇಕಾಯಿತು. ಆ್ಯಪಲ್‌ಬಿಯಲ್ಲಿ ಅಂದು ಅವರು ಎದುರುನೋಡುತ್ತಿದ್ದುದು ಆ ಸಂಜೆಯ ನಕ್ಷತ್ರವನ್ನೇ.

ಇನ್ನು ಆಡ್ರಿಯವರ ವಿಚಾರ. 1911ರಲ್ಲಿ ಹುಟ್ಟಿದ ಅವರ ತಂದೆಯೂ ಪಾದ್ರಿ. ತಂದೆಗೂ ರೈಲಿನ ಹುಚ್ಚು. ಬಾಲಕನಾಗಿದ್ದಾಗ ಮನೆ ಬಾಕ್ಸ್ ಎಂಬ ಊರಿನಲ್ಲಿ, ರೈಲುದಾರಿಗೆ ಸಮೀಪವಾಗಿ ಇತ್ತು. ರಾತ್ರಿ ಹಾಸಿಗೆಯಲ್ಲಿ ಮಲಗಿ, ಏರನ್ನು ಹತ್ತುವ ಸರಕುಗಾಡಿಯ ಏದುಸಿರನ್ನೂ, ಹಿಂದಿನಿಂದ ತಳ್ಳುವ ಸಹಾಯದ ಎಂಜಿನ್ನಿನ ಮಾರುಲಿಯನ್ನೂ ಕೇಳುತ್ತಿದ್ದ ಹುಡುಗನಿಗೆ ಅವೆರಡೂ ಮಾತನಾಡಿಕೊಳ್ಳುತ್ತಿವೆಯೆಂದು ತೋರಿತು. ಯುದ್ಧದ ಕಾಲದಲ್ಲಿ ತಮ್ಮ ಮಗ ದಡಾರದಿಂದ ಮಲಗಿದ್ದಾಗ ಆ ಮಾತುಗಳನ್ನೇ ಅವರು ಕತೆಯಾಗಿ ಹೇಳಿದರು. ಮಡದಿಯ ಒತ್ತಾಯದಿಂದ 1945ರಲ್ಲಿ ಮೊದಲ ಪುಸ್ತಕ ಅಚ್ಚಾಯಿತು. ನಮ್ಮ ಪಟ್ಟಣಗಳ ಮಕ್ಕಳೂ ಇಂದು ಬಲ್ಲ ನೀಲಿ ಬಣ್ಣದ ಥಾಮಸ್ ಎಂಬ ಎಂಜಿನ್ನು, ಅಂದು ಸಾಮಾನು ಸಿಕ್ಕದ ದಿನಗಳಲ್ಲಿ ಮಗನಿಗಾಗಿ ತಂದೆ ಮರದ ತುಂಡುಗಳಿಂದ ಮಾಡಿಕೊಟ್ಟ ಆಟಿಕೆ.

1965ರಲ್ಲಿ ಆಡ್ರಿ ಧರ್ಮಸೇವೆಯಿಂದ ನಿವೃತ್ತರಾಗಿ ಸ್ಟ್ರೌಡ್ ಊರಿನ ಬಳಿಯ ರಾಡ್‌ಬರೋದಲ್ಲಿ ನೆಲೆಸಿದರು. ಕತೆಗಳ ಜೊತೆಗೆ ಅವರ ಕಾಲವನ್ನು ತುಂಬಿದ್ದು ಪುಟ್ಟ ರೈಲಿನ ಮಾದರಿ. ಈ ವಿದ್ಯೆಗೂ ಅದರದೇ ಗಣಿತವಿದೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಯಲ್ಲಿ ಒಂದು ಅಡಿಗೆ ನಾಲ್ಕು ಮಿಲಿಮೀಟರು. ಈ ಲೆಕ್ಕದಂತೆ ಒಂದು ಮೈಲಿಯ ದಾರಿಗೆ 21 ಮೀಟರಿನಷ್ಟು ಜಾಗ ಬೇಕು; ಅಷ್ಟು ಉದ್ದದ ಕೋಣೆ ಯಾವ ಪಾದ್ರಿಯ ಮನೆಯಲ್ಲಿದ್ದೀತು? ಆದುದರಿಂದ ಮಾದರಿಗಾರನು ಊರುಗಳನ್ನು ಹತ್ತಿರ ತರುತ್ತಾನೆ, ಬೆಟ್ಟದ ಹಿಂದೆ ಹಳಿಯನ್ನು ಅಡಗಿಸುತ್ತಾನೆ, ಸುರಂಗದೊಳಗೆ ಹೋದ ಗಾಡಿ ದೂರದೇಶಕ್ಕೆ ಹೋಯಿತೆಂದು ನಂಬಿಸುತ್ತಾನೆ. ಮತ್ತೊಂದು ವಿನೋದವುಂಟು. ಎಂಜಿನ್ನು ನಾಲ್ಕು ಮಿಲಿಮೀಟರಿನ ಅಳತೆಯದಾದರೂ ಹಳಿಗಳ ನಡುವಣ ಅಂತರ 16.5 ಮಿಲಿಮೀಟರು ಮಾತ್ರ. ಸರಿಯಾದ ಲೆಕ್ಕಕ್ಕೆ 18.83 ಇರಬೇಕು. ಹಿಂದೆ ಮೋಟಾರುಗಳನ್ನು ಬ್ರಿಟನ್ನಿನ ಸಣ್ಣ ಎಂಜಿನ್ನುಗಳ ಹೊಟ್ಟೆಯೊಳಗೆ ಸೇರಿಸಲಾಗದೆ ಮೈಯನ್ನು ಹಿಗ್ಗಿಸಿ ಹಳಿಯನ್ನು ಹಾಗೆಯೇ ಉಳಿಸಿಕೊಂಡ ಫಲ ಇದು. ಬಹುಮಂದಿ ಈ ಸುಳ್ಳನ್ನು ಒಪ್ಪಿಕೊಂಡು ಸುಖವಾಗಿದ್ದಾರೆ. ಕೆಲವರು ಮಾತ್ರ ಒಪ್ಪದೆ ತಮ್ಮ ಕೈಯಾರೆ ಸರಿಯಾದ ಅಂತರದ ಹಳಿ ಹಾಕಿಕೊಳ್ಳುತ್ತಾರೆ.

ಆಡ್ರಿಯವರಿಗೆ ಸತ್ಯದ ಹಟ ಬೇರೊಂದು ಬಗೆಯದು. ಎಂಜಿನ್ನುಗಳು ಮಾತನಾಡಬಹುದು, ಆದರೆ ಅವು ನಡೆದುಕೊಳ್ಳುವ ರೀತಿ ನಿಜವಾದ ರೈಲ್ವೆಯಲ್ಲಿ ಸಾಧ್ಯವಿಲ್ಲದ್ದಾಗಕೂಡದು. ವೇಲ್ಸ್ ಸೀಮೆಯ ಟ್ಯಾಲಿಲಿನ್ ಎಂಬ ಪುಟ್ಟ ರೈಲುದಾರಿಯನ್ನು 1951ರಲ್ಲಿ ಸ್ವಯಂಸೇವಕರು ಉಳಿಸಿಕೊಂಡಾಗ ಆಡ್ರಿಯವರೂ ಅಲ್ಲಿ ಗಾರ್ಡಿನ ಕೆಲಸ ಮಾಡಿದರು. ಒಮ್ಮೆ ಅವಸರದಲ್ಲಿ ಹಸಿರು ನಿಶಾನೆ ತೋರಿಸಿ, ತಿಂಡಿಯಂಗಡಿಯ ಹೆಂಗಸನ್ನು ಸ್ಟೇಷನ್ನಿನಲ್ಲಿಯೇ ಬಿಟ್ಟು ಗಾಡಿಯನ್ನು ಹೊರಡಿಸಿಬಿಟ್ಟರು. ಆ ತಪ್ಪನ್ನು ಮುಚ್ಚಿಡದೆ ಕತೆಯಾಗಿಸಿ ಮಕ್ಕಳ ಮುಂದಿಟ್ಟರು. ಓದಿದ ಮಕ್ಕಳೂ ಸಾಮಾನ್ಯರಲ್ಲ. ಈ ಚಿತ್ರ ಆ ಚಿತ್ರಕ್ಕೆ ಹೊಂದುವುದಿಲ್ಲವೆಂದು ಪತ್ರ ಬರೆದು ಕೇಳತೊಡಗಿದರು. ಅವರಿಗೆ ಉತ್ತರ ಕೊಡಲು ರೈಲಿಗೊಂದು ನಾಡೇ ಬೇಕಾಯಿತು. ಮ್ಯಾನ್ ದ್ವೀಪದ ಬಿಷಪ್ಪರಿಗೆ ‘ಸೋಡರ್ ಮತ್ತು ಮ್ಯಾನ್’ ಎಂಬ ಬಿರುದಿದೆ. ಮ್ಯಾನ್ ಎಂಬ ದ್ವೀಪವಿದೆ, ಸೋಡರ್ ಎಂಬುದಿಲ್ಲ. ಹೆಸರು ಮಾತ್ರ ಉಳಿದಿದ್ದ ಆ ನಾಡನ್ನು ಆಡ್ರಿ ಮ್ಯಾನ್ ದ್ವೀಪಕ್ಕೂ ಇಂಗ್ಲೆಂಡಿನ ಕರಾವಳಿಗೂ ನಡುವೆ ಸಮುದ್ರದಲ್ಲಿ ನಿಲ್ಲಿಸಿದರು. ಅವರೂ ಅವರ ಸೋದರರೂ ಸೇರಿ ಅದರ ಬೆಟ್ಟ, ಹೊಳೆ, ಊರು, ಇತಿಹಾಸಗಳನ್ನು ವರ್ಷಗಟ್ಟಲೆ ರಚಿಸಿದರು. 1987ರಲ್ಲಿ ಅದೂ ಒಂದು ಗ್ರಂಥವಾಗಿ ಹೊರಬಂದಿತು. ಆ ದ್ವೀಪದ ಒಂದು ಶಾಖೆಯ ಮಾದರಿಯನ್ನು ಮೇಜಿನ ಮೇಲೆ ಕಟ್ಟಿ ಪ್ರದರ್ಶನಗಳಿಗೆ ಕೊಂಡೊಯ್ಯುತ್ತಿದ್ದರು. 1968ರ ನಂತರವೂ ಉಗಿ ಎಂಜಿನ್ನು ನಿಲ್ಲದೆ ಓಡಿದ ನಾಡು ಅದು.

ಇಬ್ಬರನ್ನೂ ಹೋಲಿಸಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಛಾಯಾಚಿತ್ರಕಾರನು ಇದ್ದುದನ್ನು ಇದ್ದಂತೆ ಉಳಿಸುತ್ತಾನೆ. ಆದರೆ ಅವನ ಗಾಡಿ ಇನ್ನೆಂದೂ ಮುಂದೆ ಚಲಿಸದು. ಮಾದರಿಗಾರನ ಗಾಡಿ ಚಲಿಸುತ್ತದೆ. ಆದರೆ ಅದು ಎಂದೂ ಇದ್ದುದಲ್ಲ. ಒಬ್ಬನಿಗೆ ಪ್ರಾಣ ಸಿಕ್ಕದು, ಇನ್ನೊಬ್ಬನಿಗೆ ನೆಲ ಸಿಕ್ಕದು. ಇಬ್ಬರೂ ಈ ಕೊರತೆಯನ್ನು ಬಲ್ಲರು. ಬಲ್ಲರಾಗಿಯೂ ಕೆಲಸ ಬಿಡರು. ಕಣ್ಣೆದುರಿನಲ್ಲಿ ಕರಗಿಹೋಗುವ ವಸ್ತುವನ್ನು ಸುಮ್ಮನೆ ಕರಗಗೊಡಲಾರದ ಮನಸ್ಸು ಅದು. ಅದನ್ನು ಬರಿಯ ಆಟವೆಂದು ಕರೆಯಲು ನನಗೆ ಮನಸ್ಸು ಬಾರದು.

ನಮ್ಮಲ್ಲಿಯೂ ಇದೇ ಕತೆ ನಡೆದಿದೆ. ಚಿತ್ತರಂಜನ ಕಾರ್ಖಾನೆಯಲ್ಲಿ 1970ರಲ್ಲಿ ಕಟ್ಟಿದ ಬ್ರಾಡ್ ಗೇಜಿನ ಕಡೆಯ ಉಗಿ ಎಂಜಿನ್ನಿಗೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟರು. ಸಾವಿರಾರು ಮೈಲಿ ದೂರದ ಎರಡು ದೇಶಗಳವರಿಗೆ ವಿದಾಯದ ಹೊತ್ತಿನಲ್ಲಿ ನೆನಪಾದುದು ನಕ್ಷತ್ರವೇ. ಬ್ರಾಡ್ ಗೇಜಿನ ದಾರಿಗಳಲ್ಲಿ ಉಗಿಯ ನಿತ್ಯ ಸೇವೆ 1995ರಲ್ಲಿ ನಿಂತಿತು. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳು ಮರದ ನೆರಳಿನಲ್ಲಿ ತಣ್ಣಗೆ ನಿಂತಿವೆ. ಆದರೆ ಅವು ಬೆಂಕಿಯುಂಡು ಓಡಿದ ದಿನಗಳ ಚಿತ್ರಗಳು ಎಷ್ಟು ಮನೆಗಳ ಪೆಟ್ಟಿಗೆಗಳಲ್ಲಿ ಹಳದಿಯಾಗುತ್ತಿವೆಯೋ! ಯಾವ ನಿವೃತ್ತ ಗಾರ್ಡಿನ, ಯಾವ ಸ್ಟೇಷನ್ ಮಾಸ್ಟರಿನ ನೆನಪಿನಲ್ಲಿ ಎಂಥ ಕತೆಗಳಿವೆಯೋ! ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಇಂಥ ಒಬ್ಬ ಹಿರಿಯರ ಬಳಿ ಅರ್ಧ ದಿನ ಕುಳಿತು ಕೇಳಿ ಬರೆದುಕೊಂಡರೆ ಅದೇ ಒಂದು ದೊಡ್ಡ ಸಂಪಾದನೆ.

ಟ್ರೇಸಿಯವರ ಹೆಸರನ್ನು ಮುಂದೆ ಒಂದು ವಿದ್ಯುತ್ ಎಂಜಿನ್ನಿಗೆ ಇಟ್ಟರು. ಹೊಗೆಯನ್ನು ಅಷ್ಟು ಪ್ರೀತಿಸಿದವರ ಹೆಸರು ಹೊಗೆಯೇ ಇಲ್ಲದ ಎಂಜಿನ್ನಿಗೆ ಬಂದಿತು! ಆಡ್ರಿಯವರು 1997ರಲ್ಲಿ ರಾಡ್‌ಬರೋದ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಆ್ಯಪಲ್‌ಬಿಯ ಮೂಲಕ ಹೋಗುವ ಸೆಟಲ್-ಕಾರ್ಲೈಲ್ ದಾರಿಯನ್ನೂ ಒಮ್ಮೆ ಮುಚ್ಚಬೇಕೆಂದು ಹೊರಟಿದ್ದರು. ಜನ ಬಹು ವರ್ಷ ಹೋರಾಡಿದರು. 1989ರಲ್ಲಿ ಅದು ಉಳಿಯಿತು. ಇಂದಿಗೂ ಆಗಾಗ ಉಗಿ ಎಂಜಿನ್ನಿನ ವಿಶೇಷ ಗಾಡಿ ಆ ಬೆಟ್ಟಗಳನ್ನು ಏರಿ ಹೋಗುತ್ತದೆ. ಟ್ರೇಸಿಯವರ ನೆನಪಿಗಾಗಿ ಆ ಸ್ಟೇಷನ್ನಿನಲ್ಲಿ ಒಂದು ಫಲಕವಿದೆ. ಗಾಡಿ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕ್ಯಾಮೆರಾ ಹಿಡಿದ ಹಿರಿಯರು ಈಗಲೂ ಕಾದು ನಿಲ್ಲುತ್ತಾರೆ.