ಈಜುರೆಕ್ಕೆ ಇದ್ದರೆ ನೀರಿಗೇ ಬಿಡಿ

ಸ್ಟೀಲ್‌ಹೆಡ್ ಮತ್ತು ರೈನ್‌ಬೋ ಟ್ರೌಟ್ ಒಂದೇ ಪ್ರಭೇದದ ಮೀನುಗಳು. ನದಿಯಲ್ಲೇ ಉಳಿದದ್ದು ಟ್ರೌಟ್. ಕಡಲಿಗೆ ಹೋಗಿ ಬೆಳೆದು ಹೊಳೆಗೆ ಮರಳುವುದು ಸ್ಟೀಲ್‌ಹೆಡ್.

ಅಮೆರಿಕದ ವಾಷಿಂಗ್ಟನ್ ರಾಜ್ಯದ ನದಿಗಳಲ್ಲಿ ವಸಂತ ಬಂತೆಂದರೆ ಇವು ತಳದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ನೀರಿಗಿಳಿದು ಗಾಳ ಹಾಕುವವರ ಒಂದು ತಪ್ಪು ಹೆಜ್ಜೆ ಆ ಮೊಟ್ಟೆಗಳನ್ನು ನಾಶಮಾಡಬಲ್ಲದು. ಆದ್ದರಿಂದ ಸುತ್ತಲಿಗಿಂತ ತಿಳಿಬಣ್ಣದ ಜಲ್ಲಿ ಕಂಡಲ್ಲಿ ಕಾಲಿಡಬಾರದು.

ಮೊಟ್ಟೆಯಿಟ್ಟು ಸಾಯುವ ಪೆಸಿಫಿಕ್ ಸಾಲ್ಮನ್‌ನಂತಲ್ಲದೆ, ಸ್ಟೀಲ್‌ಹೆಡ್ ಬದುಕುಳಿದು ಮತ್ತೊಮ್ಮೆ ಬರಬಲ್ಲದು. ಆದರೂ ಪ್ಯೂಜೆಟ್ ಸೌಂಡ್ ಪ್ರದೇಶದ ಸ್ಟೀಲ್‌ಹೆಡ್ 2007ರಲ್ಲಿ ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಸಾಕಣೆ ಕೇಂದ್ರದ ಮರಿಗಳ ಬೆನ್ನ ಹಿಂಬದಿಯ ಪುಟ್ಟ ಈಜುರೆಕ್ಕೆಯನ್ನು ಗುರುತಿಗಾಗಿ ಕತ್ತರಿಸಿರುತ್ತಾರೆ. ಸಿಕ್ಕ ಸ್ಟೀಲ್‌ಹೆಡ್‌ಗೆ ಆ ರೆಕ್ಕೆ ಹಾಗೆಯೇ ಇದ್ದರೆ, ಅದನ್ನು ನದಿಗೇ ಮರಳಿಸಬೇಕು.