ಗಡಿ ದಾಟುವ ವಿಷ: ಲೆಕ್ಕ ಯಾರಿಗೆ, ಸೂಚನೆ ಯಾರಿಗೆ?

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಭಾಗದ ತೆಂಗು ಬೆಳೆಗಾರರಿಗೆ ಮೊನೊಕ್ರೊಟೊಫಾಸ್ ಎಂಬ ಹೆಸರು ಹೊಸದೇನಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಹಬ್ಬಿ, ಕಾಯಿಗಳು ಕಂದುಗಟ್ಟಿ ಸೊರಗತೊಡಗಿದಾಗ, ಬೇರಿನ ಮೂಲಕ ಈ ಕೀಟನಾಶಕವನ್ನು ಉಣಿಸುವ ಕ್ರಮ ಶಿಫಾರಸಾಗಿತ್ತು. ಎಳೆಯ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನೊಡನೆ ಬೆರೆಸಿದ ದ್ರಾವಣವಿರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಅದ್ದಿ ಕಟ್ಟಬೇಕು. ಅನಂತರ 45 ದಿನ ಆ ಮರದಿಂದ ಎಳನೀರಾಗಲಿ, ಕಾಯಿಯಾಗಲಿ ಇಳಿಸಬಾರದು. ಇಡೀ ಮರವೇ ವಿಷವನ್ನು ಹೀರಿಕೊಂಡಿರುತ್ತದೆ ಎಂಬುದೇ ಆ ಎಚ್ಚರಿಕೆಯ ಅರ್ಥ.

ಹಳ್ಳಿಯ ಮಾತಿನಲ್ಲಿ ಇಂಥವಕ್ಕೆಲ್ಲ ‘ಔಷಧಿ’ ಎಂದೇ ಹೆಸರು. ಬಾಟಲಿಯ ಮೇಲಿನ ಗುರುತು ಬೇರೆಯದನ್ನೇ ಹೇಳುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಬಣ್ಣ ಮತ್ತು ತಲೆಬುರುಡೆಯ ಚಿತ್ರ ಅತ್ಯಂತ ವಿಷಕಾರಿ ವಸ್ತುವಿಗೆ ಮೀಸಲು. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ ವಿಷದವು. ಮೊನೊಕ್ರೊಟೊಫಾಸ್ ಕೆಂಪು ಗುರುತಿನದು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಇದೇ ರಾಸಾಯನಿಕ. ಅದಕ್ಕೂ ಮೊದಲೇ, 2005ರಲ್ಲಿ, ತರಕಾರಿ ಬೆಳೆಗಳ ಮೇಲೆ ಇದರ ಬಳಕೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿತ್ತು. ಅಂದರೆ ಅಜ್ಜಂಪುರದ ಈರುಳ್ಳಿ ಹೊಲಕ್ಕೆ ಇದನ್ನು ಸಿಂಪಡಿಸುವುದು ಆಗಿನಿಂದಲೂ ಕಾನೂನುಬಾಹಿರ. 2023ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಆದೇಶವು ಶೇ. 36ರ ದ್ರಾವಣದ ನೋಂದಣಿಯನ್ನೇ ರದ್ದುಪಡಿಸಿ, ಉಳಿದ ದಾಸ್ತಾನಿಗೆ ಅವಧಿ ತೀರುವವರೆಗೆ ಮಾತ್ರ ಅವಕಾಶ ನೀಡಿತು.

ಇಂಥ ವಸ್ತುವೊಂದು ದೇಶದ ಗಡಿ ದಾಟಿ ಹೊರಗೆ ಹೋಗುವಾಗ, ಅಥವಾ ಹೊರಗಿನಿಂದ ಒಳಗೆ ಬರುವಾಗ, ಅದನ್ನು ಮಾರುವ ಕಂಪನಿಯು ಯಾರಿಗೆ ಏನನ್ನು ತಿಳಿಸಬೇಕು? ಈ ಪ್ರಶ್ನೆಗೆ ಉತ್ತರ ಒಂದೇ ಕಾಯ್ದೆಯಲ್ಲಿ ಸಿಗುವುದಿಲ್ಲ. ಸಿಗುವ ಉತ್ತರಗಳೂ ಒಂದಕ್ಕೊಂದು ಹೊಂದುವುದಿಲ್ಲ.

ಕಚ್ಚಾವಸ್ತುವಿಗೆ ಬಿಗಿ ಲೆಕ್ಕ

ಮೊನೊಕ್ರೊಟೊಫಾಸ್ ತಯಾರಿಕೆಗೆ ಟ್ರೈಮಿಥೈಲ್ ಫಾಸ್ಫೈಟ್ ಎಂಬ ಕಚ್ಚಾವಸ್ತು ಬೇಕು. ಎಂಡೋಸಲ್ಫಾನ್ ತಯಾರಿಕೆಗೆ ಥಯೊನಿಲ್ ಕ್ಲೋರೈಡ್ ಬೇಕಾಗುತ್ತಿತ್ತು. ಇವೆರಡೂ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಮೂರನೆಯ ಅನುಸೂಚಿಯಲ್ಲಿವೆ. ಕಾರಣ, ಯುದ್ಧಕ್ಕೆ ಬಳಸುವ ವಿಷಗಳ ತಯಾರಿಕೆಗೂ ಇವು ಒದಗುತ್ತವೆ. ಆ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂತು. ಅದನ್ನು ಪಾಲಿಸಲು ಭಾರತ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು.

ಇಲ್ಲಿ ಲೆಕ್ಕ ಬಹಳ ಬಿಗಿ. ವಿದೇಶ ವ್ಯಾಪಾರ ನೀತಿಯಡಿ ಈ ವರ್ಗದ ರಾಸಾಯನಿಕಗಳನ್ನು ಒಪ್ಪಂದಕ್ಕೆ ಸೇರಿದ ದೇಶಕ್ಕೆ ಪರವಾನಗಿಯಿಲ್ಲದೆ ಕಳುಹಿಸಬಹುದಾದರೂ, ರಫ್ತಾದ 30 ದಿನಗಳೊಳಗೆ ಕಂಪನಿಯು ಸಂಪುಟ ಸಚಿವಾಲಯದಲ್ಲಿರುವ ರಾಷ್ಟ್ರೀಯ ಪ್ರಾಧಿಕಾರ, ವಿದೇಶಾಂಗ ಸಚಿವಾಲಯ, ರಾಸಾಯನಿಕ ಮತ್ತು ಪೆಟ್ರೋರಾಸಾಯನಿಕ ಇಲಾಖೆ ಹಾಗೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಗಳಿಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕು. ಕೊಂಡವರು ಅದನ್ನು ಯಾವುದಕ್ಕೆ ಬಳಸುತ್ತಾರೆಂಬ ಪ್ರಮಾಣಪತ್ರ ಜೊತೆಗಿರಬೇಕು. ಸರಕು ತಲುಪಿದ ದೇಶದ ಸುಂಕದ ಕಾಗದದ ಪ್ರತಿಯನ್ನೂ ಆನಂತರ ಸಲ್ಲಿಸಬೇಕು. ಒಪ್ಪಂದಕ್ಕೆ ಸೇರದ ದೇಶಕ್ಕಾದರೆ ಮುಂಚಿತ ಅನುಮತಿಯಿಲ್ಲದೆ ಪೀಪಾಯಿಯೊಂದೂ ಅಲುಗುವಂತಿಲ್ಲ.

ಆದರೆ ಅದೇ ಕಚ್ಚಾವಸ್ತು ಕಾರ್ಖಾನೆಯೊಳಗೆ ಕೀಟನಾಶಕವಾಗಿ ಮಾರ್ಪಟ್ಟು ಹೊರಬಿದ್ದೊಡನೆ ಈ ನಿಯಮಗಳ ಕೈ ಅಲ್ಲಿಗೆ ಚಾಚುವುದಿಲ್ಲ. ಅಸ್ತ್ರವಾಗಬಲ್ಲ ವಿಷದ ಮೇಲೆ ನಾಲ್ಕು ಕಚೇರಿಗಳ ಕಣ್ಣಿದೆ. ಕೂಲಿಕಾರರ ಬೆನ್ನ ಮೇಲಿನ ಸಿಂಪಡಣಾ ಯಂತ್ರಕ್ಕೆ ಬೀಳುವ ವಿಷದ ಹಾದಿ ಬೇರೆ.

ಎರಡು ದೇಶಗಳ ನಡುವಣ ಕಾಗದ

ಆ ಬೇರೆ ಹಾದಿಗೆ ರಾಟರ್‌ಡ್ಯಾಮ್ ಒಪ್ಪಂದವೆಂದು ಹೆಸರು. 1998ರ ಸೆಪ್ಟೆಂಬರ್ 10ರಂದು ಅಂಗೀಕಾರವಾದ ಇದು 2004ರ ಫೆಬ್ರವರಿ 24ರಂದು ಜಾರಿಗೆ ಬಂತು. ಭಾರತ 2005ರ ಮೇ 24ರಂದು ಸೇರಿಕೊಂಡಿತು. ಇದು ಯಾವ ರಾಸಾಯನಿಕವನ್ನೂ ನಿಷೇಧಿಸುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ತರಿಸಿಕೊಳ್ಳುವ ದೇಶಕ್ಕೆ ಮುಂಚಿತವಾಗಿ ತಿಳಿಸಿ ಅದರ ಸಮ್ಮತಿ ಪಡೆಯಿರಿ ಎಂಬುದಷ್ಟೇ ಇದರ ಆಶಯ.

ಅದು ಎರಡು ರೀತಿಯಲ್ಲಿ ನಡೆಯುತ್ತದೆ. ಒಪ್ಪಂದದ ಮೂರನೆಯ ಅನುಬಂಧದಲ್ಲಿ ಐವತ್ತಕ್ಕೂ ಹೆಚ್ಚು ರಾಸಾಯನಿಕಗಳ ಪಟ್ಟಿಯಿದೆ. ಪ್ರತಿಯೊಂದರ ಬಗೆಗೂ ಸದಸ್ಯ ದೇಶಗಳು ತರಿಸಿಕೊಳ್ಳಲು ಒಪ್ಪಿಗೆಯಿದೆ, ಇಲ್ಲ, ಅಥವಾ ಷರತ್ತಿನ ಮೇಲೆ ಇದೆ ಎಂದು ಉತ್ತರಿಸಬೇಕು. ತನ್ನ ಕಂಪನಿಗಳು ಆ ಉತ್ತರವನ್ನು ಮೀರದಂತೆ ನೋಡಿಕೊಳ್ಳುವುದು ರಫ್ತು ಮಾಡುವ ದೇಶದ ಹೊಣೆ. ಮೊನೊಕ್ರೊಟೊಫಾಸ್ 2004ರಿಂದಲೇ ಈ ಪಟ್ಟಿಯಲ್ಲಿದೆ.

ಎರಡನೆಯದು ಒಪ್ಪಂದದ ಹನ್ನೆರಡನೆಯ ವಿಧಿ. ಒಂದು ದೇಶ ತನ್ನಲ್ಲಿ ನಿಷೇಧಿಸಿದ ಅಥವಾ ತೀವ್ರವಾಗಿ ನಿರ್ಬಂಧಿಸಿದ ರಾಸಾಯನಿಕವನ್ನು ಹೊರಗೆ ಕಳುಹಿಸುವುದಾದರೆ, ಆ ಕ್ರಮದ ನಂತರದ ಮೊದಲ ರಫ್ತಿಗೆ ಮುನ್ನ, ಬಳಿಕ ಪ್ರತಿ ವರ್ಷದ ಮೊದಲ ರಫ್ತಿಗೆ ಮುನ್ನ, ತರಿಸಿಕೊಳ್ಳುವ ದೇಶದ ಸರ್ಕಾರಕ್ಕೆ ಸೂಚನಾಪತ್ರ ಕಳುಹಿಸಬೇಕು. 30 ದಿನಗಳಲ್ಲಿ ಸ್ವೀಕೃತಿ ಬಾರದಿದ್ದರೆ ಎರಡನೆಯ ಪತ್ರ ಬರೆಯಬೇಕು. ಸರಕಿನ ಹೆಸರು, ಅಪಾಯಗಳು, ವಹಿಸಬೇಕಾದ ಎಚ್ಚರಿಕೆಗಳು ಅದರಲ್ಲಿರಬೇಕು. ಭಾರತದಲ್ಲಿ ಈ ಪತ್ರವ್ಯವಹಾರದ ಹೊಣೆ ಕೀಟನಾಶಕಗಳ ಮಟ್ಟಿಗೆ ಕೃಷಿ ಸಚಿವಾಲಯದ್ದು, ಕೈಗಾರಿಕಾ ರಾಸಾಯನಿಕಗಳ ಮಟ್ಟಿಗೆ ರಾಸಾಯನಿಕ ಇಲಾಖೆಯದು.

ನಿಷೇಧವಾದರೆ ಮಾತ್ರ ಸೂಚನೆ

ಇಡೀ ವ್ಯವಸ್ಥೆಯ ಬಿರುಕು ಇರುವುದು ಇಲ್ಲಿಯೇ. ಪಟ್ಟಿಗೆ ಸೇರದ ರಾಸಾಯನಿಕದ ಮಟ್ಟಿಗೆ, ಸೂಚನೆ ಕೊಡುವ ಕರ್ತವ್ಯ ಹುಟ್ಟುವುದು ವಸ್ತು ವಿಷವೆಂಬ ಕಾರಣದಿಂದಲ್ಲ, ಸ್ವದೇಶದ ಸರ್ಕಾರ ಅದನ್ನು ನಿಷೇಧಿಸಿದೆ ಎಂಬ ಕಾರಣದಿಂದ. ನಿಷೇಧವನ್ನು ಮುಂದೂಡಿದಷ್ಟು ಕಾಲ ಪತ್ರ ಬರೆಯುವ ಹೊಣೆಯೂ ಮುಂದೂಡಲ್ಪಡುತ್ತದೆ. ತನ್ನ ರೈತರ ವಿಷಯದಲ್ಲಿ ಸಡಿಲವಾಗಿರುವ ಸರ್ಕಾರಕ್ಕೆ ಪರದೇಶದ ರೈತರನ್ನು ಎಚ್ಚರಿಸುವ ಬಾಧ್ಯತೆಯೂ ಇರುವುದಿಲ್ಲ.

ಎಂಡೋಸಲ್ಫಾನ್‌ನ ಇತಿಹಾಸ ಇದಕ್ಕೆ ತಕ್ಕ ಉದಾಹರಣೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಇದನ್ನು ಸಿಂಪಡಿಸಿತು. ಎಣ್ಮಕಜೆ, ಪಡ್ರೆಯಂಥ ಕನ್ನಡ ಮಾತಿನ ಊರುಗಳ ಮನೆಮನೆಯ ಸಂಕಟ ಕನ್ನಡ ಓದುಗರಿಗೆ ತಿಳಿದದ್ದೇ. ದಕ್ಷಿಣ ಕನ್ನಡದ ಕೊಕ್ಕಡ ಭಾಗದಲ್ಲೂ ಸರ್ಕಾರಿ ಗೇರು ತೋಟಗಳ ಸುತ್ತ ಅದೇ ಕಥೆ. ಹೀಗಿದ್ದೂ, 2008ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ನಡೆದ ರಾಟರ್‌ಡ್ಯಾಮ್ ಸಭೆಯಲ್ಲಿ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಲು ಭಾರತ ಒಪ್ಪಲಿಲ್ಲ. ಒಮ್ಮತವಿಲ್ಲದೆ ಯಾವುದೂ ಆ ಪಟ್ಟಿಗೆ ಸೇರುವುದಿಲ್ಲ. ಆಗ ಅದರ ದೊಡ್ಡ ಉತ್ಪಾದಕ ದೇಶ ಭಾರತವೇ ಆಗಿತ್ತೆಂಬುದನ್ನು ನೆನೆದರೆ ಆಕ್ಷೇಪದ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

2011ರಲ್ಲಿ ಎಲ್ಲವೂ ಒಟ್ಟಿಗೆ ಬದಲಾಯಿತು. ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಳಕೆಯನ್ನು ತಡೆಯಿತು. ಕೀಟನಾಶಕ ಕಾಯ್ದೆಯ 27ನೆಯ ಕಲಮಿನಡಿ ರಾಜ್ಯಕ್ಕಿರುವ ಅಧಿಕಾರ 60 ದಿನಗಳದ್ದು, ಹೆಚ್ಚೆಂದರೆ ಇನ್ನು 30 ದಿನ ವಿಸ್ತರಿಸಬಹುದಾದದ್ದು. ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ಜಾಗತಿಕವಾಗಿ ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. ಜೂನ್‌ನಲ್ಲಿ ರಾಟರ್‌ಡ್ಯಾಮ್ ಪಟ್ಟಿಗೂ ಅದು ಸೇರಿತು. ಆದರೆ ಕಾರ್ಖಾನೆಗಳಲ್ಲಿ ಉಳಿದ ದಾಸ್ತಾನಿನ ಗತಿಯೇನು? ಸೆಪ್ಟೆಂಬರ್ 30ರಂದು ಅದೇ ನ್ಯಾಯಾಲಯ, ಮೊದಲೇ ಬಂದಿದ್ದ ವಿದೇಶಿ ಬೇಡಿಕೆಗಳನ್ನು ಪೂರೈಸಲು ಸುಮಾರು 1,090 ಟನ್ ರಫ್ತಿಗೆ ಅನುಮತಿ ನೀಡಿತು. ಪಡ್ರೆಯ ಮಕ್ಕಳಿಗೆ ಬೇಡವೆಂದು ತೀರ್ಮಾನವಾದ ವಸ್ತು ಹೀಗೆ ಹಡಗು ಹತ್ತಿತು.

ಇದೊಂದು ಅಪವಾದವೆಂದು ತಿಳಿಯಬೇಕಿಲ್ಲ. ದೇಶದೊಳಗೆ ಬಳಕೆ ನಿಷಿದ್ಧ, ಆದರೆ ರಫ್ತಿಗಾಗಿ ತಯಾರಿಸಬಹುದು ಎಂಬ ವರ್ಗವೊಂದು ಸರ್ಕಾರದ ಅಧಿಕೃತ ಪಟ್ಟಿಯಲ್ಲೇ ಇದೆ. ಕ್ಯಾಪ್ಟಫಾಲ್ ಶೇ. 80ರ ಪುಡಿ ಮತ್ತು ನಿಕೋಟಿನ್ ಸಲ್ಫೇಟ್ ಅದರಲ್ಲಿವೆ. 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಬಿದ್ದಾಗ ಅದರಲ್ಲಿ ಈ ಭಾಗದ ಅಂಗಡಿಗಳಲ್ಲಿ ದಿನನಿತ್ಯ ಕೇಳಿಬರುವ ಮ್ಯಾಂಕೋಜೆಬ್, ಕ್ಲೋರ್‌ಪೈರಿಫಾಸ್, ಕಾರ್ಬೆಂಡಜಿಮ್, ಕ್ವಿನಾಲ್‌ಫಾಸ್‌ಗಳೂ ಇದ್ದವು. ಉದ್ಯಮದ ಆಕ್ಷೇಪದ ಬಳಿಕ, ನಿಷೇಧವಾದರೂ ರಫ್ತಿಗೆ ತಯಾರಿಸಬಹುದೆಂಬ ರಿಯಾಯಿತಿ ಮೊದಲು ಬಂತು. 2023ರ ಆದೇಶ ಬರುವ ವೇಳೆಗೆ ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಮತ್ತು ಮೊನೊಕ್ರೊಟೊಫಾಸ್ ಮಾತ್ರ ಕತ್ತರಿಗೆ ಸಿಕ್ಕಿದ್ದವು.

ಲೆಕ್ಕ ಬಯಲಾದಾಗ

ಹೊರದೇಶಗಳಲ್ಲಿ ಕಂಪನಿಗಳ ಮೇಲೆ ನೇರವಾಗಿ ಬೀಳುವ ಹೊಣೆ ಹೆಚ್ಚು. ಅಮೆರಿಕದ 1976ರ ವಿಷವಸ್ತು ನಿಯಂತ್ರಣ ಕಾಯ್ದೆಯ ಪ್ರಕಾರ, ನಿಗದಿತ ರಾಸಾಯನಿಕವನ್ನು ರಫ್ತು ಮಾಡಲು ನಿರ್ಧರಿಸಿದ ಏಳು ದಿನಗಳೊಳಗೆ ಅಥವಾ ರಫ್ತಿನ ದಿನ, ಯಾವುದು ಮೊದಲೋ ಆಗ, ಕಂಪನಿಯು ಪರಿಸರ ಸಂರಕ್ಷಣಾ ಸಂಸ್ಥೆಗೆ ತಿಳಿಸಬೇಕು. ಆ ಸಂಸ್ಥೆ ಐದು ಕೆಲಸದ ದಿನಗಳಲ್ಲಿ ತರಿಸಿಕೊಳ್ಳುವ ದೇಶಕ್ಕೆ ತಿಳಿಸುತ್ತದೆ. ಅಲ್ಲಿ ನೋಂದಣಿಯಾಗದ ಕೀಟನಾಶಕವಾದರೆ, ಅದು ತನಗೆ ಗೊತ್ತೆಂದು ಕೊಳ್ಳುವವನೇ ಸಹಿ ಹಾಕಿಕೊಡಬೇಕು. ಐರೋಪ್ಯ ಒಕ್ಕೂಟದಲ್ಲಿ ರಫ್ತಿಗೆ 35 ದಿನ ಮೊದಲು ಸೂಚನೆ ಕೊಡಬೇಕು. ಹಿಂದಿನ ವರ್ಷ ಯಾವ ದೇಶಕ್ಕೆ ಎಷ್ಟು ಕಳುಹಿಸಲಾಯಿತೆಂಬ ಲೆಕ್ಕವನ್ನು ವರ್ಷದ ಮೊದಲ ಮೂರು ತಿಂಗಳಲ್ಲಿ ಒಪ್ಪಿಸಬೇಕು.

ಕಡತಗಳಲ್ಲಿ ಬಿದ್ದಿರುವ ಇಂಥ ಅಂಕಿಗಳಿಂದ ಏನು ಪ್ರಯೋಜನವೆಂಬ ಪ್ರಶ್ನೆ ಸಹಜ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿ ಹೊಲಗಳಿಗೆ ಸಿಂಪಡಣೆ ಮಾಡುತ್ತಿದ್ದ ಸುಮಾರು 20 ಮಂದಿ ರೈತರು, ಕೃಷಿ ಕಾರ್ಮಿಕರು ಸತ್ತು, ನೂರಾರು ಜನ ಆಸ್ಪತ್ರೆ ಸೇರಿದರು. ಆಗ ಚರ್ಚೆಗೆ ಬಂದ ಹೆಸರುಗಳಲ್ಲಿ ಮೊನೊಕ್ರೊಟೊಫಾಸ್ ಜೊತೆಗೆ ಡಯಾಫೆಂಥಿಯುರಾನ್ ಕೂಡ ಒಂದು. ಸ್ವಿಟ್ಜರ್ಲೆಂಡಿನಲ್ಲಿ ಅದರ ಬಳಕೆ ನಿಷಿದ್ಧ. ಅದೇ 2017ರಲ್ಲಿ ಆ ದೇಶದಿಂದ ಭಾರತಕ್ಕೆ 75 ಟನ್ ಡಯಾಫೆಂಥಿಯುರಾನ್ ಬಂದಿತ್ತೆಂಬುದನ್ನು ‘ಪಬ್ಲಿಕ್ ಐ’ ಎಂಬ ಅಲ್ಲಿನ ಸಂಸ್ಥೆ ಬಯಲಿಗೆ ತಂದದ್ದು ರಫ್ತು ಸೂಚನೆಗಳ ಸರ್ಕಾರಿ ಕಡತಗಳಿಂದಲೇ. 2021ರ ಜನವರಿ 1ರಿಂದ ಸ್ವಿಟ್ಜರ್ಲೆಂಡ್ ಅದೂ ಸೇರಿದಂತೆ ಐದು ಕೀಟನಾಶಕಗಳ ರಫ್ತನ್ನೇ ನಿಲ್ಲಿಸಿತು. ಐರೋಪ್ಯ ಒಕ್ಕೂಟದಲ್ಲಿ ಬಳಕೆಗೆ ನಿಷೇಧವಿದ್ದ 81 ಸಾವಿರ ಟನ್ನಿಗೂ ಹೆಚ್ಚು ಕೀಟನಾಶಕಕ್ಕೆ 2018ರಲ್ಲಿ ಹೊರದೇಶಗಳಿಗೆ ಕಳುಹಿಸಲು ಸೂಚನೆ ಸಲ್ಲಿಕೆಯಾಗಿತ್ತೆಂಬುದು ತಿಳಿದದ್ದೂ ಇಂಥದೇ ಕಾಗದಗಳಿಂದ.

ಅಂಗಡಿಯವರೆಗೆ ಬಾರದ ಪತ್ರ

ಗಮನಿಸಬೇಕಾದುದೆಂದರೆ, ಈ ಸೂಚನೆಗಳು ಸರ್ಕಾರದಿಂದ ಸರ್ಕಾರಕ್ಕೆ ಹೋಗುತ್ತವೆ. ದೆಹಲಿಯ ಕಚೇರಿಗೆ ತಲುಪಿದ ಪತ್ರ ಕಡೂರಿನ ಗೊಬ್ಬರದಂಗಡಿಗೆ ಬರಬೇಕೆಂದು ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ. ಕೃಷಿಕನ ಕೈಗೆ ಸಿಗುವುದು ಬಾಟಲಿಯ ಮೇಲಿನ ಗುರುತು ಹಾಗೂ ಒಳಗಿನ ಕರಪತ್ರ ಮಾತ್ರ. ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಅದು ಇರಬೇಕೆಂದು 1971ರ ನಿಯಮಗಳು ಹೇಳುತ್ತವೆ. ಮೂರ್ನಾಲ್ಕು ಭಾಷೆಗಳನ್ನು ಅಂಗೈಯಗಲದ ಚೀಟಿಗೆ ತುರುಕಿದರೆ ಅಕ್ಷರಗಳು ಯಾವ ಗಾತ್ರಕ್ಕಿಳಿಯುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪರದೇಶದ ನಿಷೇಧ ಈ ಭಾಗಕ್ಕೆ ಮುಟ್ಟುವುದು ಬೇರೊಂದು ದಾರಿಯಿಂದ. ಐರೋಪ್ಯ ಒಕ್ಕೂಟವು 2020ರಲ್ಲಿ ಕ್ಲೋರ್‌ಪೈರಿಫಾಸ್‌ಗೆ ಅನುಮತಿ ನಿಲ್ಲಿಸಿ, ಆಹಾರ ಪದಾರ್ಥಗಳಲ್ಲಿ ಇರಬಹುದಾದ ಅದರ ಶೇಷವನ್ನು ಅಳೆಯಬಹುದಾದ ಕನಿಷ್ಠ ಮಟ್ಟಕ್ಕೆ ಇಳಿಸಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವೂ, ಕೆಲವು ವಿನಾಯಿತಿಗಳೊಂದಿಗೆ, ಅದನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿತು. ತರೀಕೆರೆ ತಾಲ್ಲೂಕಿನ ಬೆಟ್ಟದ ಮಗ್ಗುಲಿನ ಕಾಫಿ ಬೆಳೆಗಾರರಿಗೆ, ಕಾಂಡಕೊರಕಕ್ಕೆ ಇದನ್ನು ಬಳಸಿ ರೂಢಿಯಿದ್ದವರಿಗೆ, ಸುದ್ದಿ ಮುಟ್ಟುವುದು ಬಹುಮಟ್ಟಿಗೆ ಕೊಳ್ಳುವವರ ಬಾಯಿಂದ: ಶೇಷ ಕಂಡರೆ ಸರಕು ಬೇಡ.

ಯಾವ ರಾಸಾಯನಿಕಕ್ಕೆ ಭಾರತ ಏನು ಉತ್ತರ ಕೊಟ್ಟಿದೆ ಎಂಬುದನ್ನು ರಾಟರ್‌ಡ್ಯಾಮ್ ಒಪ್ಪಂದದ ಕಾರ್ಯಾಲಯ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಭಾರತಕ್ಕೆ ಬಂದ ಹಾಗೂ ಭಾರತದಿಂದ ಹೋದ ರಫ್ತು ಸೂಚನೆಗಳ ಬಗ್ಗೆ ಮಾಹಿತಿ ಹಕ್ಕು ಕಾಯ್ದೆಯಡಿ ಕೃಷಿ ಸಚಿವಾಲಯವನ್ನು ಕೇಳಲು ಯಾವ ನಾಗರಿಕನಿಗೂ ಅವಕಾಶವಿದೆ. ಅರ್ಜಿ ಶುಲ್ಕ 10 ರೂಪಾಯಿ. ಇನ್ನು ತೋಟದ ಮನೆಯ ಮೂಲೆಯಲ್ಲಿ ನುಸಿ ಪೀಡೆಯ ಕಾಲದಿಂದ ಉಳಿದ ಕೆಂಪು ಗುರುತಿನ ಹಳೆಯ ಬಾಟಲಿಗಳೇನಾದರೂ ಇದ್ದರೆ ಅವುಗಳನ್ನು ಬಳಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಟ್ಟು, ವಿಲೇವಾರಿಗಾಗಿ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ವಿಚಾರಿಸುವುದು ಸೂಕ್ತ. ಖಾಲಿಯಾದ ಡಬ್ಬಿಯನ್ನು ತೊಳೆದು ಎಣ್ಣೆ ತುಂಬಿಸಿಡುವುದಂತೂ ಸಲ್ಲದು. ಬಿಹಾರದ ಆ ಶಾಲೆಯ ಅಡುಗೆಮನೆಗೆ ವಿಷ ಬಂದದ್ದು ಅಡುಗೆ ಎಣ್ಣೆಯ ಜೊತೆಯಲ್ಲೇ.